ಕಂಪನಿ ಸಾಲದ ಬೋಜಾ: ನೋಂದಣಿಗೆ ಗಡುವು ಸಿಗುತ್ತದೆ, ಕಳೆದ ದಿನ ಮರಳಿ ಸಿಗುವುದಿಲ್ಲ

ಜತ್ತ: 2025ರ ಆಗಸ್ಟ್ 18ರ ಸಂಜೆ ನಮ್ಮ ಭಾಗದ ಒಂದು ರೈತ ಉತ್ಪಾದಕ ಕಂಪನಿಯ ಸಂಚಾಲಕರೊಬ್ಬರು ಕೈಯಲ್ಲಿ ಬ್ಯಾಂಕಿನ ಪತ್ರ ಹಿಡಿದು ಮನೆಗೆ ಬಂದರು. ದ್ರಾಕ್ಷಿ ಬೆಳೆಗಾರರು. ಮರಾಠಿ ಓದುತ್ತಾರೆ, ಕನ್ನಡ ಮಾತಾಡುತ್ತಾರೆ. ಪತ್ರ ಮಾತ್ರ ಇಂಗ್ಲಿಷಿನಲ್ಲಿತ್ತು. ಜೂನ್ 1ರಂದು ನಿಮ್ಮ ಕಂಪನಿ ಬರೆದುಕೊಟ್ಟ ಚಾರ್ಜ್ ಇನ್ನೂ ಕಂಪನಿ ರಿಜಿಸ್ಟ್ರಾರರಲ್ಲಿ ನೋಂದಣಿಯಾಗಿಲ್ಲ, ಕೂಡಲೇ ಕ್ರಮ ಕೈಗೊಳ್ಳಿ ಎಂಬುದು ಅದರ ಸಾರಾಂಶ.

"ಅಣ್ಣಾರ, ಸಾಲ ಕೊಟ್ಟಾರ, ಸಹಿ ಮಾಡಿಸಿಕೊಂಡಾರ, ನಾವು ಹಪ್ತೆ ಕಟ್ಟಾಕತ್ತೀವಿ. ಮತ್ತ ಇದ್ಯಾವ ನೋಂದಣಿ?" ಎಂದು ಅವರು ಕೇಳಿದರು. ಒಣದ್ರಾಕ್ಷಿ ವಿಂಗಡಿಸುವ ಯಂತ್ರ ಮತ್ತು ಶೆಡ್ಡಿಗಾಗಿ ಕಂಪನಿ ತೆಗೆದುಕೊಂಡಿದ್ದ ಸಾಲ 40 ಲಕ್ಷ ರೂಪಾಯಿ. ಸಹಿಯಾಗಿ ಅಂದಿಗೆ 78 ದಿನ ಕಳೆದಿದ್ದವು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಿಳಿದ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಜತ್ತ, ಅಕ್ಕಲಕೋಟೆಯ ದ್ರಾಕ್ಷಿ ಮತ್ತು ದಾಳಿಂಬೆ ಬೆಳೆಗಾರರಿಗಷ್ಟೇ ಅಲ್ಲ, ಕಾಸರಗೋಡಿನ ಅಡಿಕೆ ಬೆಳೆಗಾರರಿಗೂ ಹೊಸೂರಿನ ತರಕಾರಿ ಬೆಳೆಗಾರರಿಗೂ ಇದು ಅನ್ವಯಿಸುತ್ತದೆ. ಭೂಮಿಯ ಕಾನೂನು, ಮುದ್ರಾಂಕ ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೆ ಕಂಪನಿ ಕಾಯ್ದೆ ಕೇಂದ್ರದ್ದು. ಗಡಿಯ ಆಚೆಗೂ ಈಚೆಗೂ ಅದು ಒಂದೇ.

ಚಾರ್ಜ್ ಎಂದರೇನು?

ಸಾಲಕ್ಕೆ ಆಧಾರವಾಗಿ ಆಸ್ತಿಯ ಮೇಲೆ ಸಾಲ ಕೊಟ್ಟವರಿಗೆ ಬರೆದುಕೊಡುವ ಹಕ್ಕೇ ಚಾರ್ಜ್. ಕನ್ನಡದಲ್ಲಿ ಋಣಭಾರ ಎನ್ನಬಹುದು. ನಮ್ಮ ಕಡೆ ಸಾತ್-ಬಾರಾ ಉತಾರೆಯ ಮೇಲೆ ಸೊಸೈಟಿಯ ಸಾಲ ಏರಿದಾಗ 'ಬೋಜಾ ಏರಿತು' ಎನ್ನುತ್ತೇವಲ್ಲ, ಅದೇ ಜಾತಿಯ ಸಂಗತಿ. ತಮಿಳುನಾಡಿನ ಗಡಿಯವರು ಇದನ್ನು ವಿಲ್ಲಂಗ ಎನ್ನುತ್ತಾರೆ, ಕೇರಳದವರು ಬಾಧ್ಯತೆ ಎನ್ನುತ್ತಾರೆ. ಹೊಲ ಕೊಳ್ಳುವ ಮೊದಲು ಉತಾರೆ ನೋಡುವುದು, ಇ.ಸಿ. ತೆಗೆಸುವುದು ನಮಗೆಲ್ಲ ರೂಢಿಯಾಗಿದೆ.

ಕಂಪನಿಯ ಆಸ್ತಿಯಲ್ಲಿ ಹೊಲ, ಕಟ್ಟಡ ಮಾತ್ರ ಇರುವುದಿಲ್ಲ. ಯಂತ್ರ, ವಾಹನ, ಗೋದಾಮಿನ ಮಾಲು, ಬರಬೇಕಾದ ಬಾಕಿ ಎಲ್ಲವೂ ಆಸ್ತಿಯೇ. ಇವನ್ನೆಲ್ಲ ತಾರಣ ಇಟ್ಟು ಸಾಲ ಪಡೆಯಬಹುದು. ಯಂತ್ರ ಶೆಡ್ಡಿನಲ್ಲೇ ಓಡುತ್ತಿರುತ್ತದೆ, ನೋಡಿದವರಿಗೆ ಅದು ಕಂಪನಿಯದ್ದೇ. ಅದರ ಮೇಲೆ 40 ಲಕ್ಷದ ಋಣವಿದೆ ಎಂಬುದು ಮಾಲು ಕೊಡುವ ರೈತನಿಗೆ ಹೇಗೆ ತಿಳಿಯಬೇಕು? ಇದಕ್ಕಾಗಿಯೇ ಕಂಪನಿ ಕಾಯ್ದೆ ಒಂದು ಪುಸ್ತಕ ಇಟ್ಟಿದೆ. ಕಂಪನಿಯ ಆಸ್ತಿಯ ಮೇಲಿನ ಪ್ರತಿ ಚಾರ್ಜನ್ನೂ ರಿಜಿಸ್ಟ್ರಾರರ ಈ ದಾಖಲೆಯಲ್ಲಿ ಬರೆಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಪದ್ಧತಿ ಹೊಸದಲ್ಲ. ಬ್ರಿಟಿಷರ ಕಾಲದ 1913ರ ಕಂಪನಿ ಕಾಯ್ದೆಯಲ್ಲೇ 21 ದಿನಗಳೊಳಗೆ ನೋಂದಾಯಿಸಬೇಕೆಂಬ ನಿಯಮವಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. 'ಗಹಾಣಖತ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗಿದೆ, ಉತಾರೆಯಲ್ಲಿ ಬೋಜಾ ಬಂದಿದೆ, ಇನ್ನೇನು?' ಎಂದು ಹಲವರು ಕೇಳುತ್ತಾರೆ. ಅದು ಭೂಮಿಯ ದಾಖಲೆ. ಸಾಲಗಾರ ಕಂಪನಿಯಾಗಿದ್ದರೆ ಕಂಪನಿ ರಿಜಿಸ್ಟ್ರಾರರ ದಾಖಲೆ ಬೇರೆಯೇ ಆಗಬೇಕು. ಬ್ಯಾಂಕುಗಳು ತಮ್ಮ ಹಕ್ಕನ್ನು ಸೆರ್ಸಾಯ್ ಎಂಬ ಮತ್ತೊಂದು ಕೇಂದ್ರ ದಾಖಲೆಯಲ್ಲೂ ಬರೆಸುತ್ತವೆ. ಮೂರೂ ಬೇರೆ ಬೇರೆ, ಒಂದು ಆದರೆ ಇನ್ನೊಂದು ಆದಂತಲ್ಲ.

ಉತ್ಪಾದಕ ಕಂಪನಿಯೂ ಕಂಪನಿಯೇ

ರೈತರ ಸಂಸ್ಥೆಗೆ ಈ ಕಂಪನಿ ನಿಯಮ ಯಾಕೆ ಎಂಬ ಪ್ರಶ್ನೆ ಸಹಜ. ಸಹಕಾರಿ ಸೊಸೈಟಿಯ ಗುಣ ಮತ್ತು ಕಂಪನಿಯ ರೂಪ ಎರಡೂ ಇರುವ ಉತ್ಪಾದಕ ಕಂಪನಿಗಳಿಗೆ ಕಂಪನಿ ಕಾಯ್ದೆಯ 2002ರ ತಿದ್ದುಪಡಿ ದಾರಿ ಮಾಡಿತು, ಅದು 2003ರಿಂದ ಜಾರಿಗೆ ಬಂತು. ಹತ್ತು ಜನ ಉತ್ಪಾದಕರು ಸೇರಿದರೆ ಸಾಕು, ಕಂಪನಿ ಮಾಡಬಹುದು. 2020ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ 10,000 ರೈತ ಉತ್ಪಾದಕ ಸಂಘಟನೆಗಳನ್ನು ಕಟ್ಟುವ ಯೋಜನೆಗೆ ಚಾಲನೆ ಕೊಟ್ಟ ಮೇಲೆ ಇವು ಗಡಿಯ ಹಳ್ಳಿಗಳಿಗೂ ಬಂದವು.

ಸೊಸೈಟಿಯಲ್ಲಿ ಚೇರ್ಮನ್ನರಾಗಿದ್ದವರೇ ಇಲ್ಲಿ ಸಂಚಾಲಕರಾಗಿದ್ದಾರೆ. ಸೊಸೈಟಿಯ ಕಾಗದಪತ್ರವನ್ನು ಸೆಕ್ರೆಟರಿ ನೋಡಿಕೊಳ್ಳುತ್ತಿದ್ದ, ಇಲ್ಲೂ ಯಾರೋ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ಆದರೆ ಕಂಪನಿ ಕಾಯ್ದೆಯ ಕಣ್ಣಿನಲ್ಲಿ ಹೊಣೆಗಾರರು ಸಂಚಾಲಕರೇ.

ಈಗಿನ ಗಡುವು: 30, 60, 120

2013ರ ಕಂಪನಿ ಕಾಯ್ದೆಯ 77ನೆಯ ಕಲಮು ಈ ನೋಂದಣಿಯ ಕುರಿತದ್ದು. 2018ರ ನವೆಂಬರ್ 2ರಂದು ಮತ್ತು ಅದರ ನಂತರ ಹುಟ್ಟಿದ ಚಾರ್ಜುಗಳಿಗೆ ಲೆಕ್ಕ ಹೀಗಿದೆ.

ಮೊದಲ 30 ದಿನ: ಸಾಮಾನ್ಯ ಶುಲ್ಕ ಕಟ್ಟಿ ನೋಂದಾಯಿಸಬೇಕು.

31ರಿಂದ 60ನೆಯ ದಿನದವರೆಗೆ: ತಡವಾದ ಕಾರಣ ತಿಳಿಸಿ ಅರ್ಜಿ ಹಾಕಿದರೆ, ಹೆಚ್ಚುವರಿ ಶುಲ್ಕ ಪಡೆದು ರಿಜಿಸ್ಟ್ರಾರರು ಅನುಮತಿ ಕೊಡಬಹುದು. ಸಣ್ಣ ಕಂಪನಿಗೆ ಸಾಮಾನ್ಯ ಶುಲ್ಕದ 3 ಪಟ್ಟು, ಉಳಿದವರಿಗೆ 6 ಪಟ್ಟು.

61ರಿಂದ 120ನೆಯ ದಿನದವರೆಗೆ: ಮತ್ತೊಮ್ಮೆ ಅವಕಾಶವಿದೆ. ಮೇಲಿನ ಹೆಚ್ಚುವರಿ ಶುಲ್ಕದ ಜೊತೆಗೆ ಸಾಲದ ಮೊತ್ತಕ್ಕೆ ಅನುಗುಣವಾದ ಶುಲ್ಕವೂ ಬೀಳುತ್ತದೆ. ಸಣ್ಣ ಕಂಪನಿಗೆ ಇದು ಶೇಕಡಾ 0.025, ಗರಿಷ್ಠ 1 ಲಕ್ಷ ರೂಪಾಯಿ. ಉಳಿದ ಕಂಪನಿಗಳಿಗೆ ಶೇಕಡಾ 0.05, ಗರಿಷ್ಠ 5 ಲಕ್ಷ ರೂಪಾಯಿ.

120 ದಿನ ಮುಗಿದ ಮೇಲೆ ಬಾಗಿಲು ಮುಚ್ಚಿತು. ರಿಜಿಸ್ಟ್ರಾರರಿಗೂ ಅಧಿಕಾರವಿಲ್ಲ, ಅವರ ಮೇಲಿನ ಅಧಿಕಾರಿಗಳಿಗೂ ಇಲ್ಲ.

ನಮ್ಮ ಸಂಚಾಲಕರ ಕಂಪನಿಯ ಲೆಕ್ಕ ನೋಡೋಣ. ಚಾರ್ಜ್ ಹುಟ್ಟಿದ್ದು ಜೂನ್ 1. ಮೊದಲ ಗಡುವು ಜುಲೈ 1ಕ್ಕೆ, ಎರಡನೆಯದು ಜುಲೈ 31ಕ್ಕೆ ತೀರಿತು. ಕೊನೆಯ ಗಡುವು ಸೆಪ್ಟೆಂಬರ್ 29. ಅವರು ನಮ್ಮ ಮನೆಗೆ ಬಂದ ದಿನ ಉಳಿದದ್ದು 42 ದಿನ. ಕಂಪನಿಯ ಅಧಿಕೃತ ಬಂಡವಾಳ 10 ಲಕ್ಷ ರೂಪಾಯಿ, ಹಾಗಾಗಿ ಸಾಮಾನ್ಯ ಶುಲ್ಕ 400 ರೂಪಾಯಿ. ಸಣ್ಣ ಕಂಪನಿಯಾದ್ದರಿಂದ ಅದರ ಮೂರು ಪಟ್ಟು 1,200. ಸಾಲದ 40 ಲಕ್ಷಕ್ಕೆ ಶೇಕಡಾ 0.025ರಂತೆ 1,000. ಎಲ್ಲ ಸೇರಿ 2,600 ರೂಪಾಯಿ.

"ಇಷ್ಟೇನಾ? ಮತ್ತ್ಯಾಕ ಬ್ಯಾಂಕಿನವರು ಇಷ್ಟ ಗಾಬರಿ ಆಗ್ಯಾರ?" ಎಂದು ಅವರು ನಕ್ಕರು. ಆ ಗಾಬರಿಗೆ ಕಾರಣ ಶುಲ್ಕವಲ್ಲ.

ಗಡುವು ವಿಸ್ತರಿಸಿದರೂ ಸರದಿ ವಿಸ್ತರಿಸುವುದಿಲ್ಲ

77ನೆಯ ಕಲಮಿನಲ್ಲಿ ತಡವಾದ ನೋಂದಣಿಗೆ ಅವಕಾಶ ಕೊಟ್ಟ ಕೂಡಲೇ ಒಂದು ಷರತ್ತು ಹಾಕಿದ್ದಾರೆ. ಚಾರ್ಜ್ ನಿಜವಾಗಿ ನೋಂದಣಿಯಾಗುವ ಮೊದಲು ಆ ಆಸ್ತಿಯ ಮೇಲೆ ಬೇರೆ ಯಾರಾದರೂ ಹಕ್ಕು ಪಡೆದಿದ್ದರೆ, ಈ ತಡವಾದ ನೋಂದಣಿಯಿಂದ ಅವರ ಹಕ್ಕಿಗೆ ಧಕ್ಕೆ ಬರಬಾರದು. ತಡವಾಗಿ ಅರ್ಜಿ ಹಾಕುವ ಕಂಪನಿ ಸಿ.ಎಚ್.ಜಿ.-10 ಎಂಬ ನಮೂನೆಯಲ್ಲಿ, ನಡುವೆ ಬಂದ ಸಾಲಗಾರರ ಹಕ್ಕಿಗೆ ಈ ವಿಳಂಬದಿಂದ ಬಾಧೆಯಿಲ್ಲ ಎಂದು ಬರೆದುಕೊಡಬೇಕು.

ಇದರ ಹಿಂದಿನ ನ್ಯಾಯ ಸರಳ. ರಿಜಿಸ್ಟರು ಖಾಲಿ ಇದ್ದುದನ್ನು ನೋಡಿ, ಆಸ್ತಿ ಋಣಮುಕ್ತ ಎಂದು ನಂಬಿ ಒಬ್ಬರು ಹಣ ಕೊಟ್ಟಿದ್ದಾರೆ. ಮೊದಲಿನವರು ಮೈಮರೆತು ಕುಳಿತ ತಪ್ಪಿಗೆ ಆ ಎರಡನೆಯವರು ಯಾಕೆ ನಷ್ಟ ಅನುಭವಿಸಬೇಕು? ಬಸ್ಸಿನ ಸೀಟಿಗೆ ಟವೆಲ್ ಹಾಕದೆ ಚಹಾ ಕುಡಿಯಲು ಇಳಿದವರಿಗೆ ಬಸ್ಸು ಸಿಗಬಹುದು, ಸೀಟು ಸಿಗುವ ಭರವಸೆ ಇಲ್ಲ.

ನಮ್ಮ ಸಂಚಾಲಕರ ನಗು ನಿಂತದ್ದು ಇಲ್ಲಿ. ಜುಲೈ 10ರಂದು ಅವರ ಕಂಪನಿ ಮತ್ತೊಂದು ಹಣಕಾಸು ಸಂಸ್ಥೆಯಿಂದ ರೈತರಿಗೆ ಮುಂಗಡ ಕೊಡಲು 15 ಲಕ್ಷ ರೂಪಾಯಿ ತೆಗೆದುಕೊಂಡಿತ್ತು. ಆ ಕಾಗದದಲ್ಲಿ 'ಕಂಪನಿಯ ಈಗಿರುವ ಮತ್ತು ಮುಂದೆ ಬರುವ ಎಲ್ಲ ಚರಾಸ್ತಿ' ಎಂಬ ಒಂದು ಸಾಲಿತ್ತು. ಒಣದ್ರಾಕ್ಷಿಯ ಯಂತ್ರವೂ ಆ 'ಎಲ್ಲ'ದರೊಳಗೆ ಬಂತು. ಸಹಿ ಮಾಡಿದವರು ಅದನ್ನು ಓದಿರಲಿಲ್ಲ. ಆ ಸಂಸ್ಥೆ ರಿಜಿಸ್ಟರು ನೋಡಿತು, ಅದು ಖಾಲಿ ಇತ್ತು. ಹದಿನೈದು ದಿನದೊಳಗೆ ತನ್ನ ಚಾರ್ಜನ್ನು ನೋಂದಾಯಿಸಿಕೊಂಡಿತು. ಜೂನ್ ತಿಂಗಳಲ್ಲಿ 40 ಲಕ್ಷ ಕೊಟ್ಟ ಬ್ಯಾಂಕು ಯಂತ್ರದ ಮಟ್ಟಿಗೆ ಎರಡನೆಯ ಸಾಲಿಗೆ ಹೋಯಿತು.

ತಪ್ಪು ಯಾರದು? ಬ್ಯಾಂಕಿನ ಶಾಖೆಯವರು ಕಂಪನಿ ಮಾಡುತ್ತದೆ ಎಂದುಕೊಂಡರು. ಕಂಪನಿಯವರು, ಸಾಲ ಕೊಟ್ಟವರೇ ಮಾಡಿಕೊಳ್ಳುತ್ತಾರೆ ಎಂದುಕೊಂಡರು. ಲೆಕ್ಕಪತ್ರ ನೋಡುವ ಕಚೇರಿಯಲ್ಲಿ ನಮೂನೆ ತಯಾರಾಗಿತ್ತು, ಆದರೆ ಸಹಿ ಹಾಕಬೇಕಾದ ಸಂಚಾಲಕರ ಡಿಜಿಟಲ್ ಸಹಿಯ ಅವಧಿ ಮುಗಿದಿತ್ತು. ಹೊಸದು ಮಾಡಿಸುವ ಮಾತು ದ್ರಾಕ್ಷಿ ಛಾಟಣಿ ಮುಗಿದ ಮೇಲೆ ನೋಡೋಣ ಎಂದು ಮುಂದೆ ಹೋಯಿತು. ಯಾರೂ ಮೋಸ ಮಾಡಲಿಲ್ಲ.

ನೋಂದಣಿಯೇ ಆಗದಿದ್ದರೆ?

ತಡವಾದರೆ ಸರದಿ ತಪ್ಪುತ್ತದೆ. ನೋಂದಣಿಯೇ ಆಗದಿದ್ದರೆ ಪರಿಣಾಮ ಇನ್ನೂ ದೊಡ್ಡದು. ಕಂಪನಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂದಾಗ ಆಸ್ತಿ ಮಾರಿ ಹಣ ಹಂಚಲು ಲಿಕ್ವಿಡೇಟರ್ ನೇಮಕವಾಗುತ್ತಾರೆ. ನೋಂದಣಿಯ ಪ್ರಮಾಣಪತ್ರ ಇಲ್ಲದ ಚಾರ್ಜನ್ನು ಅವರು ಗಣನೆಗೆ ತೆಗೆದುಕೊಳ್ಳುವಂತಿಲ್ಲ, ಇತರ ಸಾಲಗಾರರೂ ಅದನ್ನು ಮಾನ್ಯ ಮಾಡಬೇಕಿಲ್ಲ. ಆಸ್ತಿಯ ಮೇಲೆ ಹಕ್ಕು ಪಡೆದ ಸಾಲಗಾರ ಆಗ ಬರಿಗೈಯ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

2020ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಒಂದು ಕಂಪನಿ ಕಾರು ಕೊಳ್ಳಲು ಸಾಲ ಪಡೆದಿತ್ತು. ಕಂಪನಿ ಮುಚ್ಚುವಾಗ ಸಾಲ ಕೊಟ್ಟ ಸಂಸ್ಥೆ, ಕಾರಿನ ಮೇಲೆ ನಮ್ಮ ಹಕ್ಕಿದೆ ಎಂದಿತು. ಆದರೆ ಕಂಪನಿ ರಿಜಿಸ್ಟ್ರಾರರಲ್ಲಿ ಚಾರ್ಜ್ ನೋಂದಣಿಯಾಗಿರಲಿಲ್ಲ. 77ನೆಯ ಕಲಮಿನ ಪ್ರಕಾರ ಅದನ್ನು ಆಧಾರ ಇರುವ ಸಾಲವೆಂದು ಒಪ್ಪಲಾಗದು ಎಂದು ಮಂಡಳಿ ತೀರ್ಮಾನಿಸಿತು.

ಹಾಗಾದರೆ ಸಾಲವೇ ಮನ್ನಾ ಆಯಿತೇ ಎಂದು ಕೆಲವರು ಆಸೆಯಿಂದ ಕೇಳಬಹುದು. ಇಲ್ಲ. ಸಾಲ ತೀರಿಸುವ ಹೊಣೆ ಹಾಗೆಯೇ ಉಳಿಯುತ್ತದೆ ಎಂದು ಅದೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಬಿದ್ದುಹೋಗುವುದು ಆಸ್ತಿಯ ಮೇಲಿನ ಹಿಡಿತವೇ ಹೊರತು ಋಣವಲ್ಲ.

ದಂಡವೂ ಉಂಟು. 86ನೆಯ ಕಲಮಿನ ಪ್ರಕಾರ ಈ ಅಧ್ಯಾಯದ ನಿಯಮ ಮುರಿದ ಕಂಪನಿಗೆ 5 ಲಕ್ಷ ರೂಪಾಯಿ, ಹೊಣೆಗಾರರಾದ ಪ್ರತಿ ಅಧಿಕಾರಿಗೆ 50,000 ರೂಪಾಯಿ ದಂಡವಿದೆ. ಸಣ್ಣ ಕಂಪನಿಗಳಿಗೂ ಉತ್ಪಾದಕ ಕಂಪನಿಗಳಿಗೂ ಕಾಯ್ದೆ ರಿಯಾಯಿತಿ ಕೊಟ್ಟಿದೆ. ಅವುಗಳ ದಂಡ ಅರ್ಧಕ್ಕಿಂತ ಹೆಚ್ಚಾಗುವಂತಿಲ್ಲ, ಕಂಪನಿಯ ಮಟ್ಟಿಗೆ 2 ಲಕ್ಷ ರೂಪಾಯಿ ದಾಟುವಂತಿಲ್ಲ. ಅರ್ಧವೆಂದರೂ ಪ್ರತಿ ಸಂಚಾಲಕನ ತಲೆಗೆ 25,000 ರೂಪಾಯಿ. ಅದು ಅವರವರ ಸ್ವಂತ ಕಿಸೆಯ ಮಾತು.

ಮೊದಲು ಹೇಗಿತ್ತು?

ಹಳೆಯ ಅನುಭವವುಳ್ಳವರು 'ಅರ್ಜಿ ಹಾಕಿದರೆ ಗಡುವು ಸಿಕ್ಕೇ ಸಿಗುತ್ತದೆ' ಎನ್ನುವುದುಂಟು. ಅವರ ಮಾತು ಒಂದು ಕಾಲದಲ್ಲಿ ಸರಿಯಿತ್ತು. 1956ರ ಕಾಯ್ದೆಯಡಿ 30 ದಿನದ ಗಡುವು ತಪ್ಪಿದವರು ಅದರ 141ನೆಯ ಕಲಮಿನಂತೆ ಕಂಪನಿ ಲಾ ಬೋರ್ಡಿನ ಮೊರೆ ಹೋಗುತ್ತಿದ್ದರು. ತಪ್ಪು ಆಕಸ್ಮಿಕ, ಯಾರಿಗೂ ಇದರಿಂದ ನಷ್ಟವಿಲ್ಲ ಎಂದು ಮನವರಿಕೆ ಮಾಡಿಕೊಟ್ಟರೆ ಬೋರ್ಡು ಅವಧಿ ವಿಸ್ತರಿಸುತ್ತಿತ್ತು.

2013ರ ಕಾಯ್ದೆ ಬಂದಾಗಲೂ ದಾರಿ ಸಾಕಷ್ಟು ಅಗಲವಾಗಿತ್ತು. ಹೆಚ್ಚುವರಿ ಶುಲ್ಕ ಕಟ್ಟಿ 300 ದಿನಗಳವರೆಗೆ ನೋಂದಾಯಿಸಬಹುದಿತ್ತು. ಅದೂ ಮೀರಿದರೆ 87ನೆಯ ಕಲಮಿನಡಿ ಕೇಂದ್ರ ಸರಕಾರಕ್ಕೆ, ಅಂದರೆ ಅದರ ಪರವಾಗಿ ಪ್ರಾದೇಶಿಕ ನಿರ್ದೇಶಕರಿಗೆ, ಅವಧಿ ವಿಸ್ತರಣೆ ಕೋರಬಹುದಿತ್ತು.

2018ರಲ್ಲಿ ಕಂಪನಿ ವ್ಯವಹಾರಗಳ ಇಲಾಖೆಯ ಕಾರ್ಯದರ್ಶಿಯಾಗಿದ್ದ ಇಂಜೇಟಿ ಶ್ರೀನಿವಾಸ್ ಅವರ ಅಧ್ಯಕ್ಷತೆಯ ಸಮಿತಿ ಈ ಅವಧಿಯನ್ನು ಬಹುವಾಗಿ ಕಡಿತಗೊಳಿಸಲು ಶಿಫಾರಸು ಮಾಡಿತು. ಹತ್ತು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿಯಬಲ್ಲ ಸಾಲ ಉಳಿದವರಿಗೆ ಅಪಾಯ ಎಂಬುದು ಸಾಮಾನ್ಯ ಬುದ್ಧಿಗೂ ಹೊಳೆಯುವ ಮಾತು. 2018ರ ನವೆಂಬರ್ 2ರಂದು ಸುಗ್ರೀವಾಜ್ಞೆ ಬಂತು, 2019ರ ತಿದ್ದುಪಡಿ ಕಾಯ್ದೆ ಅದನ್ನು ಖಾಯಂ ಮಾಡಿತು. ಆ ದಿನಕ್ಕಿಂತ ಹಿಂದಿನ ಚಾರ್ಜುಗಳಿಗೆ ಹಳೆಯ 300 ದಿನವನ್ನೇ ಉಳಿಸಿ, ಅದೂ ತಪ್ಪಿದವರಿಗೆ ಆರು ತಿಂಗಳ ಕೊನೆಯ ಅವಕಾಶ ಕೊಟ್ಟರು. ಅದು 2019ರ ಮೇ ಆರಂಭಕ್ಕೆ ಮುಗಿಯಿತು. ಜೊತೆಗೆ 87ನೆಯ ಕಲಮನ್ನು ತಿದ್ದಿ, ಚಾರ್ಜ್ ನೋಂದಣಿಯ ಅವಧಿ ವಿಸ್ತರಿಸುವ ಅಧಿಕಾರವನ್ನೇ ಅಲ್ಲಿಂದ ತೆಗೆದುಹಾಕಿದರು. ಆದ್ದರಿಂದ ಹಿಂದಿನವರ ಅನುಭವ ಕೇಳಿ ಇಂದು ನಿಶ್ಚಿಂತರಾಗುವಂತಿಲ್ಲ.

ಕೊರೊನಾ ಕಾಲದ ವಿನಾಯಿತಿ

ಹೊಸ ನಿಯಮ ಬಂದ ಮೇಲೆ ಎಲ್ಲರಿಗೂ ಒಟ್ಟಾಗಿ ಗಡುವು ಸಡಿಲಿಸಿದ ಪ್ರಸಂಗ ಕೊರೊನಾ ಕಾಲದ್ದು. ಲಾಕ್‌ಡೌನಿನಲ್ಲಿ ಬ್ಯಾಂಕು, ಕಚೇರಿ ಮುಚ್ಚಿದ್ದವು, ಸಹಿ ಹಾಕಬೇಕಾದವರು ಊರೂರಲ್ಲಿ ಸಿಕ್ಕಿಬಿದ್ದಿದ್ದರು. 2020ರ ಜೂನ್ 17ರಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಹೊರಡಿಸಿ, ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗಿನ ದಿನಗಳನ್ನು ಲೆಕ್ಕದಿಂದ ಬಿಟ್ಟಿತು. ಬಳಿಕ ಅದನ್ನು ಡಿಸೆಂಬರ್ 31ರವರೆಗೆ ಎಳೆಯಿತು. ಎರಡನೆಯ ಅಲೆಯ ಕಾಲದಲ್ಲೂ 2021ರ ಏಪ್ರಿಲ್ 1ರಿಂದ ಮೇ 31ರವರೆಗೆ, ಮುಂದೆ ಜುಲೈ 31ರವರೆಗೆ ಇಂಥದೇ ಸಡಿಲಿಕೆ ಸಿಕ್ಕಿತು.

ಆಗಲೂ 2020ರ ಮಾರ್ಚ್ 1ಕ್ಕೆ ಮೊದಲೇ ಗಡುವು ಪೂರ್ತಿ ಮುಗಿದಿದ್ದವರಿಗೆ ವಿನಾಯಿತಿ ಕೊಟ್ಟಿರಲಿಲ್ಲ ಎಂಬುದು ಗಮನಾರ್ಹ. ನಿಂತ ಗಡಿಯಾರಕ್ಕೆ ಕೀಲಿ ಕೊಡಲಿಲ್ಲ, ಓಡುತ್ತಿದ್ದುದನ್ನು ಮಾತ್ರ ಸ್ವಲ್ಪ ಹೊತ್ತು ತಡೆದರು. ಆ ಯೋಜನೆಗಳು ಈಗ ಮುಗಿದಿವೆ.

ಈಗಲೂ ವಿಸ್ತರಣೆ ಸಿಗುವುದು ಎಲ್ಲಿ?

ಒಂದು ಕಡೆ ಮಾತ್ರ ಹಳೆಯ ಬಾಗಿಲು ತೆರೆದಿದೆ, ಅದು ಸಾಲ ತೀರಿದ ಮೇಲಿನ ಮಾತು. ಹೊಲದ ಸಾಲ ತೀರಿಸಿ 'ಬೋಜಾ ಕಮ್ಮಿ' ಮಾಡಿಸದೆ ಬಿಟ್ಟರೆ ಹೊಲ ಮಾರುವಾಗ ತೊಂದರೆಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಕಂಪನಿಗೂ ಹಾಗೆಯೇ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಸಿ.ಎಚ್.ಜಿ.-4 ನಮೂನೆಯಲ್ಲಿ ತಿಳಿಸಬೇಕು. ಹೆಚ್ಚುವರಿ ಶುಲ್ಕದೊಂದಿಗೆ 300 ದಿನಗಳವರೆಗೆ ಅವಕಾಶವಿದೆ. ಅದೂ ಮೀರಿದರೆ ಸಿ.ಎಚ್.ಜಿ.-8ರಲ್ಲಿ ಅರ್ಜಿ ಹಾಕಿ 87ನೆಯ ಕಲಮಿನಡಿ ಅವಧಿ ವಿಸ್ತರಣೆ ಕೇಳಬಹುದು. ಲೋಪ ಆಕಸ್ಮಿಕ, ಅಥವಾ ತಕ್ಕ ಕಾರಣವಿದೆ, ಅಥವಾ ಸಾಲಗಾರರಿಗೂ ಷೇರುದಾರರಿಗೂ ಇದರಿಂದ ಬಾಧೆಯಿಲ್ಲ ಎಂದು ತೋರಿಸಿಕೊಡಬೇಕು. ಆದೇಶ ಸಿಕ್ಕ ಮೇಲೆ ಅದನ್ನು ರಿಜಿಸ್ಟ್ರಾರರಲ್ಲಿ ದಾಖಲಿಸಬೇಕು. ಈ ಮೊದಲು ದಾಖಲಾದ ಚಾರ್ಜಿನ ವಿವರದಲ್ಲಿ ತಪ್ಪು ನುಸುಳಿದ್ದರೆ ಅದನ್ನು ತಿದ್ದಿಸಲೂ ಇದೇ ದಾರಿ.

120 ದಿನವೂ ಮೀರಿದ ಹೊಸ ಚಾರ್ಜಿನ ಗತಿ ಏನು? ಸಾಲ ಕೊಟ್ಟವರು ಒಪ್ಪಿದರೆ ಹೊಸ ತಾರಣಪತ್ರ ಬರೆದು, ಹೊಸ ತಾರೀಖಿನಿಂದ ನೋಂದಾಯಿಸುವುದು ರೂಢಿಯಲ್ಲಿರುವ ಮಾರ್ಗ. ಆದರೆ ಅದರ ಸರದಿ ಹೊಸ ದಿನದಿಂದಲೇ. ಹಳೆಯ ಸಾಲಕ್ಕೆ ಹೊಸದಾಗಿ ಆಧಾರ ಕೊಟ್ಟ ಒಂದು ವರ್ಷದೊಳಗೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ, ಒಬ್ಬ ಸಾಲಗಾರನಿಗೆ ಮಾತ್ರ ಉಪಕಾರ ಮಾಡಿದಂತಾಯಿತು ಎಂದು ಅದನ್ನು ಪ್ರಶ್ನಿಸಬಹುದು. ಸಂಬಂಧಿತರ ವಿಷಯದಲ್ಲಿ ಈ ಅವಧಿ ಎರಡು ವರ್ಷ. ಮುದ್ರಾಂಕದ ಖರ್ಚು ಬೇರೆ. ವಕೀಲರ ಅಥವಾ ಕಂಪನಿ ಸೆಕ್ರೆಟರಿಯ ಸಲಹೆ ಇಲ್ಲದೆ ಇದಕ್ಕೆ ಕೈ ಹಾಕಬಾರದು.

ಸಂಚಾಲಕರು, ಸದಸ್ಯರು ನೆನಪಿಡಬೇಕಾದದ್ದು

1. ತಾರಣಪತ್ರಕ್ಕೆ ಸಹಿ ಮಾಡಿದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ 30ನೆಯ ದಿನಕ್ಕೆ ಗುರುತು ಹಾಕಿ. ದಿನ ಎಣಿಸುವುದು ಚಾರ್ಜ್ ಹುಟ್ಟಿದ ತಾರೀಖಿನಿಂದ, ಸಾಲದ ಹಣ ಖಾತೆಗೆ ಬಂದ ತಾರೀಖಿನಿಂದ ಅಲ್ಲ.

2. ಸಾಲದ ಮಿತಿ ಏರಿಸಿದರೆ, ಷರತ್ತು ಬದಲಾದರೆ ಅದೂ ನೋಂದಣಿಯಾಗಬೇಕು. ಕ್ಯಾಶ್ ಕ್ರೆಡಿಟ್ ಮಿತಿ 10 ಲಕ್ಷದಿಂದ 20 ಲಕ್ಷಕ್ಕೆ ಏರಿದಾಗ ಹಳೆಯ ನೋಂದಣಿ ಇದೆಯಲ್ಲ ಎಂದು ಸುಮ್ಮನಿರಬಾರದು.

3. ಸಿ.ಎಚ್.ಜಿ.-1 ನಮೂನೆಗೆ ಕಂಪನಿ ಮತ್ತು ಸಾಲ ಕೊಟ್ಟವರು ಇಬ್ಬರ ಡಿಜಿಟಲ್ ಸಹಿಯೂ ಬೇಕು. ಸಾಲ ಕೇಳುವ ಮೊದಲೇ ಸಹಿಯ ಅವಧಿ ನೋಡಿಕೊಳ್ಳಿ.

4. ಕಂಪನಿ 30 ದಿನಗಳಲ್ಲಿ ಮಾಡದಿದ್ದರೆ ಸಾಲ ಕೊಟ್ಟವರೇ 78ನೆಯ ಕಲಮಿನಂತೆ ಅರ್ಜಿ ಹಾಕಬಹುದು. ರಿಜಿಸ್ಟ್ರಾರರು ಕಂಪನಿಗೆ ನೋಟಿಸು ಕೊಟ್ಟು 14 ದಿನಗಳೊಳಗೆ ನೋಂದಣಿ ಮಾಡಬಹುದು. ಆ ಶುಲ್ಕ ಮತ್ತೆ ಕಂಪನಿಯ ಮೇಲೆಯೇ ಬರುತ್ತದೆ.

5. ನೋಂದಣಿಯಾದ ಮೇಲೆ ಸಿ.ಎಚ್.ಜಿ.-2 ಪ್ರಮಾಣಪತ್ರ ಬರುತ್ತದೆ. ಅರ್ಜಿ ಹಾಕಿದ ಪಾವತಿ ಪ್ರಮಾಣಪತ್ರವಲ್ಲ. ಸಭೆಯಲ್ಲಿ ಪ್ರಮಾಣಪತ್ರವನ್ನೇ ತೋರಿಸಲು ಹೇಳಿ.

6. ಖಾಸಗಿ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವವರು, ಕಂಪನಿಗಳಿಗೆ ಮಾಲು ಉದ್ರಿ ಕೊಡುವವರು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಕಂಪನಿಯ ಚಾರ್ಜುಗಳ ಪಟ್ಟಿ ನೋಡಬಹುದು. ಯಾರ ಹೆಸರಿಗೆ, ಎಷ್ಟು ಮೊತ್ತ, ತೀರಿದೆಯೋ ಇಲ್ಲವೋ ಎಂಬ ವಿವರ ಅಲ್ಲಿರುತ್ತದೆ. ಸಹಕಾರಿ ಕಾರ್ಖಾನೆಗಳು ಕಂಪನಿಗಳಲ್ಲವಾದ್ದರಿಂದ ಅಲ್ಲಿ ಸಿಗುವುದಿಲ್ಲ.

ಕಾಗದ ಹಿಡಿದು ಪುಣೆಗೋ ಎರ್ನಾಕುಳಂಗೋ ಕೊಯಮತ್ತೂರಿಗೋ ಓಡಬೇಕಾಗಿಲ್ಲ. ರಿಜಿಸ್ಟ್ರಾರರ ಕಚೇರಿ ಎಲ್ಲೇ ಇರಲಿ, ನಮೂನೆ ಸಲ್ಲಿಸುವುದು ಕಂಪ್ಯೂಟರಿನಲ್ಲಿಯೇ. ಭಾಷೆ ಮಾತ್ರ ಇಂಗ್ಲಿಷು. ಅದಕ್ಕೇ ನಮ್ಮಂಥವರು ಇದನ್ನು 'ಸಾಹೇಬರ ಕೆಲಸ' ಎಂದು ದೂರ ಇಡುತ್ತೇವೆ. ಸಹಿ ಮಾತ್ರ ನಮ್ಮದಿರುತ್ತದೆ.

ಕೊನೆಗೆ ಏನಾಯಿತು?

ಆ ಕಂಪನಿಯವರು ಹೊಸ ಡಿಜಿಟಲ್ ಸಹಿ ಮಾಡಿಸಿ ಸೆಪ್ಟೆಂಬರ್ 3ರಂದು, ಅಂದರೆ 94ನೆಯ ದಿನ, ಅರ್ಜಿ ಸಲ್ಲಿಸಿದರು. ಶುಲ್ಕ 2,600 ರೂಪಾಯಿ ಹೋಯಿತು, ನೋಂದಣಿಯೂ ಆಯಿತು. ಆದರೆ ಯಂತ್ರದ ಮೇಲೆ ಮತ್ತೊಬ್ಬರು ಮುಂದೆ ಇರುವುದನ್ನು ಕಂಡ ಬ್ಯಾಂಕು, ನಮ್ಮ ಆಧಾರ ಕಡಿಮೆಯಾಯಿತು, ಬದಲಿ ಆಧಾರ ಕೊಡಿ ಎಂದು ಪಟ್ಟು ಹಿಡಿಯಿತು. ಕಂಪನಿಯ ಬಳಿ ಬೇರೆ ಆಸ್ತಿ ಇರಲಿಲ್ಲ. ಐವರು ಸಂಚಾಲಕರಲ್ಲಿ ಮೂವರು ತಮ್ಮ ಸ್ವಂತ ಹೊಲ ಬರೆದುಕೊಟ್ಟರು.

ದೀಪಾವಳಿ ಮುಗಿದ ಮೇಲೆ ಅದೇ ಸಂಚಾಲಕರು ಮತ್ತೆ ಸಿಕ್ಕರು. ಕಿಸೆಯಿಂದ ಮಡಿಸಿದ ಉತಾರೆ ತೆಗೆದು ತೋರಿಸಿದರು. ಅಪ್ಪನ ಕಾಲದಿಂದ ಖಾಲಿ ಇದ್ದ ಕಡೆ ಈಗ ಬ್ಯಾಂಕಿನ ಹೆಸರಿತ್ತು.

"ಕಂಪನಿ ಮಾಡಿದ್ದ ಹೊಲದ ಮ್ಯಾಲ ಬೋಜಾ ಬ್ಯಾಡ ಅಂತ, ಅಣ್ಣಾರ" ಎಂದರು. "ಒಂದು ಸಹಿ ತಡಾ ಆತು."